ಮುತ್ತಜ್ಜಿಯ ಟ್ರಂಕು: ಒಗೆಯುವ ಮೊದಲು ಓದಿ

ಪ್ರಶ್ನೆ: ಧಾರವಾಡದ ನಮ್ಮ ಹಳೆ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಮುತ್ತಜ್ಜಿಯ ಟ್ರಂಕು ಸಿಕ್ಕಿತು. ಒಳಗೆ ಕಸೂತಿ ಹಾಕಿದ ಒಂದು ಕಪ್ಪು ಸೀರೆ, ಎರಡು ಇಳಕಲ್ ಸೀರೆ, ನಾಲ್ಕಾರು ಖಣದ ಕುಪ್ಪಸ, ಕೂಸಿನ ಒಂದು ಕುಂಚಿಗೆ, ಕಪ್ಪಾದ ಒಂದು ಜರಿ ಸೀರೆ ಇವೆ. ಇನ್ನೂರು ವರ್ಷ ಹಳೆಯವು ಅಂತ ಸೋದರಮಾವ ಹೇಳುತ್ತಾರೆ. ಮ್ಯೂಸಿಯಂನವರು ಇಂಥ ಬಟ್ಟೆಗಳ ವಯಸ್ಸು ಹೇಗೆ ಕಂಡುಹಿಡಿಯುತ್ತಾರೆ? ಒಗೆದು ಇಸ್ತ್ರಿ ಮಾಡಿ ಇಡಬಹುದಾ? ಯಾವುದಾದರೂ ಸಂಗ್ರಹಕ್ಕೆ ಕೊಟ್ಟುಬಿಡುವುದು ಒಳ್ಳೆಯದಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಅದು ಅರ್ಜೆಂಟು. ಒಗೆಯಬೇಡಿ. ಇಸ್ತ್ರಿ ಬೇಡವೇ ಬೇಡ. ಡ್ರೈಕ್ಲೀನಿಂಗಿಗೂ ಸದ್ಯಕ್ಕೆ ಕೊಡಬೇಡಿ. ಟ್ರಂಕು ಸಿಕ್ಕ ಖುಷಿಯಲ್ಲಿ ಸೋಪಿನ ಪುಡಿಯಲ್ಲಿ ನೆನೆಹಾಕಿದ ಸೀರೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಸೆರಗಿನ ಕೆಂಪು ಬಿಟ್ಟು, ಅದರ ಬಿಳಿ ಚಿತ್ತಾರವೆಲ್ಲ ಗುಲಾಬಿ ಆಗಿರುತ್ತದೆ. ಆಮೇಲೆ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಇನ್ನೊಂದು ನಷ್ಟವೂ ಇದೆ, ಅದು ಆಗ ಗೊತ್ತಾಗುವುದಿಲ್ಲ. ಆ ಸೀರೆಯನ್ನು ಯಾರು ಹೇಗೆ ಉಟ್ಟರು, ಯಾವ ಕೆಲಸಕ್ಕೆ ಉಟ್ಟರು ಅನ್ನುವುದಕ್ಕಿದ್ದ ಗುರುತುಗಳೂ ಅದೇ ನೀರಿನಲ್ಲಿ ಹೋಗಿರುತ್ತವೆ.

ಮ್ಯೂಸಿಯಂನವರು ಯಾವುದೋ ಮಷೀನಿಗೆ ಬಟ್ಟೆ ಕೊಟ್ಟು ವಯಸ್ಸು ತೆಗೆಯುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಣ್ಣ ಪರೀಕ್ಷೆ ಮಾಡುವ ಲ್ಯಾಬುಗಳು ಇವೆ, ನಿಜ. ಆದರೆ ನಿತ್ಯದ ಕೆಲಸ ನಡೆಯುವುದು ಕಣ್ಣು, ಅಳತೆ ಟೇಪು ಮತ್ತು ಪಿಕ್ ಗ್ಲಾಸಿನಲ್ಲಿ. ಒಂದು ಇಂಚಿಗೆ ಎಷ್ಟು ಎಳೆ ಅಂತ ಎಣಿಸಲು ಬಟ್ಟೆಯವರು ಇಟ್ಟುಕೊಳ್ಳುವ ಮಡಚುವ ಭೂತಗನ್ನಡಿ ಅದು. ಫೋನಿನ ಕ್ಯಾಮೆರಾ ಹತ್ತಿರ ಹಿಡಿದರೂ ನಿಮ್ಮ ಕೆಲಸ ಆಗುತ್ತದೆ.

ದೊಡ್ಡ ಮೇಜಿನ ಮೇಲೆ ಒಗೆದ ಬಿಳಿ ಬೆಡ್‌ಶೀಟ್ ಹಾಸಿ. ಬಳೆ, ಉಂಗುರ, ವಾಚು ತೆಗೆದಿಡಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕಿಟಕಿಯ ಬೆಳಕು ಸಾಕು, ಬಿಸಿಲಿಗೆ ಹಾಕಬೇಡಿ. ಸೀರೆ ಕೊಡವಬೇಡಿ. ಮಡಿಕೆ ಬಿಚ್ಚುವಾಗ ಒಣ ಎಲೆಯ ಹಾಗೆ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ರೇಷ್ಮೆ ಬಿರುಸಾಗಿದೆ ಅಂತ ಅರ್ಥ. ಅದನ್ನು ಬಿಚ್ಚುವುದು ಕೈಪಳಗಿದವರ ಕೆಲಸ. ಏನೇ ಬಿಚ್ಚಿದರೂ ಮೊದಲು ಮಡಿಸಿದ ಸ್ಥಿತಿಯಲ್ಲೇ ಒಂದು ಫೋಟೋ ಇರಲಿ.

ಇಳಕಲ್ ಸೀರೆಯಿಂದ ಶುರು ಮಾಡಿ. ಅದು ಓದಲು ಸುಲಭ. ಎಲ್ಲರೂ ಮೊದಲು ದಡಿ ನೋಡಿ ಅದರ ವಿನ್ಯಾಸ ಗೋಮಿಯೋ ಗಾಡಿಯೋ ಪರಸಪೇಟಿಯೋ ಅಂತ ವಾದಕ್ಕೆ ಕೂರುತ್ತಾರೆ. ನೀವು ಅದನ್ನು ಬಿಟ್ಟು ಒಡಲು ಮುಗಿದು ಸೆರಗು ಶುರುವಾಗುವ ಗೆರೆಗೆ ಬನ್ನಿ. ಅಲ್ಲಿ ಬೆರಳು ಆಡಿಸಿ. ಸಣ್ಣ ಉಬ್ಬೊಂದು ಸಿಗಬೇಕು. ಅದೇ ಕೊಂಡಿ. ಇಳಕಲ್ ನೇಕಾರರು ಒಡಲಿಗೆ ಒಂದು ಹಾಸು (ಮಗ್ಗದ ಉದ್ದದ ಎಳೆಗಳು), ಸೆರಗಿಗೆ ಬೇರೆಯೇ ಹಾಸು ಮಾಡಿಕೊಳ್ಳುತ್ತಾರೆ. ಒಡಲಿನದು ಹೆಚ್ಚಾಗಿ ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಕುಣಿಕೆಯಲ್ಲಿ ಕುಣಿಕೆ ಹಾಕಿ ಒಂದೊಂದಾಗಿ ಸೇರಿಸುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಪಿಕ್ ಗ್ಲಾಸ್ ಇಟ್ಟರೆ ಕಪ್ಪು ಎಳೆಯೊಂದು ಬಂದು ಕೆಂಪು ಎಳೆಯನ್ನು ತಬ್ಬಿ ವಾಪಸ್ಸು ಹೋಗುವುದು ಕಾಣುತ್ತದೆ.

ಇಷ್ಟು ಕಷ್ಟ ಯಾಕೆ ಪಟ್ಟರು? ಸೆರಗಿನ ಕೆಂಪು ನೋಡಿ, ಗೊತ್ತಾಗುತ್ತದೆ. ಹಾಸೂ ಕೆಂಪು, ಅಡ್ಡ ಹಾಯುವ ಹೊಕ್ಕೂ ಕೆಂಪು ಇದ್ದರೆ ಮಾತ್ರ ಆ ರಕ್ತಗೆಂಪು ಬರುತ್ತದೆ. ಒಡಲಿನ ಕಪ್ಪು ಹಾಸು ಹಾಗೇ ಸೆರಗಿಗೂ ಹರಿದಿದ್ದರೆ ಕೆಂಪು ಹೊಕ್ಕು ಹಾಕಿದರೂ ಬಣ್ಣ ಮಂಕು, ಸ್ವಲ್ಪ ಕಂದು. ಕಡಿಮೆ ಬೆಲೆಗೆ ಸಿಗುವ ಪವರ್‌ಲೂಮ್ ನಕಲುಗಳಲ್ಲಿ ಸಾಮಾನ್ಯವಾಗಿ ಈ ಮಂಕುತನವೇ ಕಾಣುವುದು. ಕೊಂಡಿ ಇದ್ದ ಮಾತ್ರಕ್ಕೆ ಸೀರೆ ಹಳೆಯದು ಅಂತಲ್ಲ, ಕೊಂಡಿ ಇವತ್ತಿಗೂ ಹಾಕುತ್ತಾರೆ. ಆದರೆ ಕುಣಿ ಮಗ್ಗದ (ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ) ಮೇಲೆ ಕೂತು ಯಾರೋ ಇದನ್ನು ನೇಯ್ದರು ಅನ್ನುವುದು ಖಾತ್ರಿಯಾಗುತ್ತದೆ. ಸೆರಗಿನ ಬಿಳಿ ಚಿತ್ತಾರ ಜೋಳದ ತೆನೆಯ ತೋಪುತೆನಿಯಾ, ಹಣಿಗೆಯಾ, ಕೋಟೆಯ ತೆನೆಯಾ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಉದ್ದ ಅಳೆಯುವುದು ಮರೆಯಬೇಡಿ. ಹದಿನಾರು ಮೊಳ, ಹದಿನೆಂಟು ಮೊಳ ಇದ್ದರೆ ಕಚ್ಚೆ ಹಾಕಿ ಉಡುತ್ತಿದ್ದ ಸೀರೆ ಅನ್ನುವ ಅನುಮಾನಕ್ಕೆ ಬಲ ಬರುತ್ತದೆ. ಅಂಚಿನ ಸವೆತ ಅದನ್ನು ಗಟ್ಟಿ ಮಾಡುತ್ತದೆ. ನಿರಿಗೆ ಹಾಕಿ ಉಟ್ಟ ಸೀರೆ ಕೆಳ ಅಂಚಿನಲ್ಲಿ, ಹಿಮ್ಮಡಿ ತಾಗುವಲ್ಲಿ ಜಾಸ್ತಿ ಸವೆಯುತ್ತದೆ. ಕಚ್ಚೆ ಸೀರೆಯ ಸವೆತ ಕಾಲ ನಡುವೆ ಹಾದು ಹಿಂದೆ ಸಿಕ್ಕಿಸುವ ಭಾಗದಲ್ಲಿ ಕೂತಿರುತ್ತದೆ.

ಇನ್ನು ಕಪ್ಪು ಸೀರೆ. ಧಾರವಾಡದ ಕಡೆ ಮದುವೆಯ ಟ್ರಂಕಿನಲ್ಲಿ ಕಸೂತಿ ಹಾಕಿದ ಕಪ್ಪು ಸೀರೆ ಅಂದರೆ ಚಂದ್ರಕಾಳಿ ಇರುವ ಸಾಧ್ಯತೆ ಹೆಚ್ಚು. ಮದುಮಗಳಿಗೆ ಅದು ಬೇಕೇ ಬೇಕಿತ್ತು. ಬೆಳಕಿಗೆ ಹಿಡಿದು ಮಡಿಕೆಯ ಅಂಚು ನೋಡಿ. ಅಲ್ಲಿ ಕಪ್ಪು ಉಜ್ಜಿ ನೀಲಿ ಬಿಳಿಚು ಕಂಡರೆ ಅದು ನೀಲಿ (ಇಂಡಿಗೊ) ಬಣ್ಣದಲ್ಲೇ ಅದ್ದಿ ಅದ್ದಿ ತಂದ ಕಪ್ಪು. ಇದು ನಿಮ್ಮ ಅದೃಷ್ಟ. ಕಬ್ಬಿಣದ ರಸದಿಂದ ಬರುವ ಕಪ್ಪು ಕಾಲಕ್ರಮೇಣ ಬಟ್ಟೆಯನ್ನೇ ತಿನ್ನುತ್ತದೆ. ಹಳೆಯ ಕಲಂಕಾರಿಗಳಲ್ಲಿ ಉಳಿದ ಬಣ್ಣವೆಲ್ಲ ಚೆನ್ನಾಗಿದ್ದು ಕಪ್ಪು ಗೆರೆಗಳು ಮಾತ್ರ ಉದುರಿರುವುದಕ್ಕೆ ಅದೇ ಕಾರಣ. ನೀಲಿಗೆ ಆ ಕೆಟ್ಟ ಗುಣ ಇಲ್ಲ.

ಈಗ ಸೀರೆಯನ್ನು ಮಗುಚಿ ಹಾಕಿ. ಕಸೂತಿಯನ್ನು ಹಿಂಬದಿಯಿಂದ ನೋಡದೆ ಯಾರೂ ಅಭಿಪ್ರಾಯ ಹೇಳಬಾರದು ಅನ್ನುವುದು ನನ್ನ ಹಟ. "ಒಳ್ಳೆ ಕಸೂತಿ ಎರಡೂ ಕಡೆ ಒಂದೇ ಥರ ಇರುತ್ತೆ" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದು ಅರ್ಧ ಸತ್ಯ. ಗವಂತಿ ಮತ್ತು ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ದಾರ ಒಂದು ಸಲ ಬಿಟ್ಟು ಬಿಟ್ಟು ಹೋಗಿ, ವಾಪಸ್ಸು ಬರುವಾಗ ಬಿಟ್ಟ ಜಾಗ ತುಂಬುತ್ತದೆ. ನೇಗಿ ಹಾಗಲ್ಲ. ಅದು ನೇಯ್ಗೆಯಂತೆ ಕಾಣುವ ಹೊಲಿಗೆ, ಹಿಂಬದಿಯಲ್ಲಿ ಚಿತ್ರ ತಿರುಗುಮುರುಗು. ಮೆಂತೆ ಅಂದರೆ ಅಡ್ಡಡ್ಡ ಹೊಲಿಗೆ, ಅದರ ಹಿಂಬದಿಯೂ ಬೇರೆ. ಹಾಗಾಗಿ ತೇರಿನ ಚಿತ್ರದ ಮೈ ನೇಗಿಯಲ್ಲಿದ್ದು ಹಿಂದೆ ಬೇರೆ ಕಂಡರೆ ಕೆಲಸ ಕೆಟ್ಟದು ಅಂತ ತೀರ್ಮಾನಿಸಬೇಡಿ. ಗವಂತಿಯ ಗೆರೆಯಲ್ಲಿ ಗಂಟು ಇದೆಯಾ ನೋಡಿ. ಪಳಗಿದ ಕೈ ಗಂಟು ಹಾಕುವುದಿಲ್ಲ, ದಾರದ ತುದಿಯನ್ನು ಹೊಲಿಗೆಯ ಒಳಗೇ ಅಡಗಿಸುತ್ತದೆ.

ಹಳೆಯ ಕಸೂತಿಯಲ್ಲಿ ಚಿತ್ರ ಬರೆದುಕೊಳ್ಳುವ ಪದ್ಧತಿ ಇರಲಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಗೋಪುರ, ಆನೆ, ತುಳಸಿಕಟ್ಟೆ ಎಲ್ಲ ಎಬ್ಬಿಸುತ್ತಿದ್ದರು. ಈಗ ಎಳೆ ಎಣಿಸಲಾಗದ ನುಣುಪು ಬಟ್ಟೆಗಳ ಮೇಲೆ ಜಾಳಿಗೆ ಬಟ್ಟೆ ಇಟ್ಟು ಹೊಲಿದು, ಆಮೇಲೆ ಅದರ ಎಳೆ ಕಿತ್ತು ತೆಗೆಯುತ್ತಾರೆ. ಹೊಲಿಗೆಯ ಅಡಿಯಲ್ಲಿ ಆ ಜಾಳಿಗೆಯ ಚೂರು ಸಿಕ್ಕಿಕೊಂಡಿದ್ದರೆ, ಕಾರ್ಬನ್ ಗೆರೆ ಇಣುಕಿದರೆ ಅದು ಈಚಿನ ಕೆಲಸ.

ನನಗೆ ತುಂಬ ಇಷ್ಟವಾದ ಪರೀಕ್ಷೆಯೊಂದಿದೆ. ದಾರ ಉದುರಿಹೋದ ಜಾಗ ಹುಡುಕಿ, ಅಲ್ಲಿ ಭೂತಗನ್ನಡಿ ಹಿಡಿಯಿರಿ. ದಾರದ ಅಡಿಯಲ್ಲಿ ಮುಚ್ಚಿದ್ದ ಬಟ್ಟೆ ಸುತ್ತಲಿನದಕ್ಕಿಂತ ಗಾಢವಾಗಿದ್ದರೆ ಸೀರೆ ಮಾಸುವ ಮೊದಲೇ, ಅಂದರೆ ಹೊಸದರಲ್ಲೇ ಕಸೂತಿ ಹಾಕಿದ್ದಾರೆ. ಸುತ್ತಲಿನಷ್ಟೇ ಮಾಸಿದ್ದರೆ ಸೀರೆ ಉಟ್ಟು ಹಳತಾದ ಮೇಲೆ ಕಸೂತಿ ಬಂದಿದೆ. ಒಂದೇ ಸೀರೆಯಲ್ಲಿ ಎರಡೂ ಸಿಗಬಹುದು. ತಾಯಿ ಹಾಕಿದ್ದಕ್ಕೆ ಮಗಳು ಸೇರಿಸಿರುತ್ತಾಳೆ. ಇಬ್ಬರ ಕೈ ಬೇರೆ ಅಂತ ಹೊಲಿಗೆಯ ಬಿಗಿಯಿಂದಲೇ ಗೊತ್ತಾಗುತ್ತದೆ.

ಕಲೆಗಳ ವಿಷಯಕ್ಕೆ ಬರೋಣ. ಸೆರಗಿನ ಮೂಲೆಯಲ್ಲಿ ಹಳದಿ ಚುಕ್ಕೆ, ಪಕ್ಕದಲ್ಲಿ ಕೆಂಪು ಇದ್ದರೆ ಹೊಸ ಸೀರೆಗೆ ಹಚ್ಚಿದ ಅರಿಶಿನ ಕುಂಕುಮ. ಸೆರಗಿನ ನಡುವೆ ಅಗಲವಾಗಿ ಅರಿಶಿನದ ಛಾಯೆ ಹರಡಿದ್ದರೆ ಅದು ಉಡಿ ತುಂಬಿಸಿಕೊಂಡ ಸೆರಗು. ಒಂದು ಮೂಲೆ ಮಾತ್ರ ಮುದುಡಿ ಎಳೆ ಸಡಿಲಾಗಿದ್ದರೆ ಕೀಲಿಕೈಯನ್ನೋ ದುಡ್ಡನ್ನೋ ಗಂಟು ಹಾಕುತ್ತಿದ್ದ ಜಾಗ. ಅಂಚಿನಲ್ಲಿ ಕಪ್ಪು ಗೆರೆ ಚುಕ್ಕಿಗಳಿದ್ದರೆ ಅಗಸರ ಗುರುತು. ಕೇರು ಬೀಜದ ಮಸಿಯಲ್ಲಿ ಹಾಕುತ್ತಿದ್ದರು, ಎಷ್ಟು ಒಗೆದರೂ ಹೋಗುವುದಿಲ್ಲ. ಅರಿಶಿನ ಹಾಗಲ್ಲ. ಬಿಸಿಲು, ಸೋಪು ಎರಡಕ್ಕೂ ಮಣಿಯುತ್ತದೆ. ಒಗೆಯಬೇಡಿ ಅಂತ ಮೊದಲೇ ಬೊಬ್ಬೆ ಹಾಕಿದ್ದು ಇದಕ್ಕೇ.

ಕುಪ್ಪಸಗಳಿಗೆ ಎರಡು ವಯಸ್ಸು. ಖಣ ನೇಯ್ದದ್ದು ಒಂದು ಕಾಲ, ಕತ್ತರಿಸಿ ಹೊಲಿದದ್ದು ಇನ್ನೊಂದು. ಗುಳೇದಗುಡ್ಡದ ಖಣ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತು ಆಮೇಲೆ ದರ್ಜಿಯ ಕೈಗೆ ಹೋಗಿರಬಹುದು. ಒಳಬದಿ ಹೊರಗೆ ಮಾಡಿ. ಕೈಹೊಲಿಗೆಯೋ ಮಷೀನೋ ನೋಡಿ. ಕೈಹೊಲಿಗೆಯ ಅಂತರ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಮಷೀನಿನದು ಒಂದೇ ಸಮ ಮತ್ತು ಕೆಳಗೂ ಒಂದು ದಾರ ಓಡುತ್ತದೆ. ಮುಂದೆ ಗಂಟು ಕಟ್ಟುವ ಕುಪ್ಪಸವೋ, ಹುಕ್ಕಿನದೋ, ಟಿಚ್ ಬಟನ್ನಿನದೋ? ಟಿಚ್ ಬಟನ್ನಿಗೆ ಜರ್ಮನಿಯಲ್ಲಿ ಪೇಟೆಂಟ್ ಆದದ್ದು 1885ರಲ್ಲಿ. ಅದಕ್ಕೂ ಹಿಂದಿನ ಕುಪ್ಪಸದಲ್ಲಿ ಅದು ಇರಲಾರದು, ಆಮೇಲೆ ಯಾರೋ ಹಚ್ಚಿರದಿದ್ದರೆ. ಕಂಕುಳಿನ ಕೆಳಗೆ ಚೌಕದ ತುಂಡು ಕೂಡಿಸಿದ್ದಾರಾ ನೋಡಿ. ಪಕ್ಕದ ಹೊಲಿಗೆಯ ಆಚೆ ಹಳೇ ಹೊಲಿಗೆಯ ತೂತುಗಳ ಸಾಲು ಕಂಡರೆ ಕುಪ್ಪಸ ಬಿಚ್ಚಿ ಅಗಲ ಮಾಡಿದ್ದಾರೆ. ಬಸುರಿಯ ದಿನಗಳಲ್ಲೋ, ಇನ್ನೊಬ್ಬಳ ಪಾಲಿಗೆ ಬಂದಾಗಲೋ. ಒಳಗಿನ ಅಸ್ತರಿಯಲ್ಲಿ ಮಿಲ್ಲಿನ ಮುದ್ರೆ ಇದ್ದರಂತೂ ಹಬ್ಬ. ಅಳತೆ ಗಜದಲ್ಲಿದೆಯೋ ಮೀಟರಿನಲ್ಲಿದೆಯೋ? ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಮೀಟರ್ ಅಂತ ಮುದ್ರೆ ಇದ್ದರೆ ಆ ಅಸ್ತರಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿರುವುದು ಕಷ್ಟ.

ಕುಂಚಿಗೆಯಲ್ಲಿ ಈ ಆಟ ಇನ್ನೂ ಜೋರು. ಹಳೆ ಸೀರೆ, ಖಣ, ಮಿಲ್ಲಿನ ಬಟ್ಟೆ ಎಲ್ಲದರ ತುಂಡೂ ಅದರಲ್ಲಿರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಹೊಸ ತುಂಡು ಯಾವುದೋ ಅದಕ್ಕಿಂತ ಮುಂಚೆ ಕುಂಚಿಗೆ ಆಗಿರಲು ಸಾಧ್ಯವಿಲ್ಲ. ಕಟ್ಟುವ ಲಾಡಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಪ್ರತಿ ಕೂಸಿಗೂ ಅದನ್ನು ಬದಲಾಯಿಸಿರುತ್ತಾರೆ.

ಇದೇ ನಿಯಮ ನಿಮ್ಮ ಸೋದರಮಾವನ ಇನ್ನೂರು ವರ್ಷಕ್ಕೂ. ಅಸಾಧ್ಯ ಅನ್ನುವುದಿಲ್ಲ, ಅನುಮಾನ ಅನ್ನುತ್ತೇನೆ. ಮೊದಲು ಮನೆಯ ಲೆಕ್ಕ ಹಾಕಿ. ಮುತ್ತಜ್ಜಿಯ ಮದುವೆ ಯಾವಾಗ? ನೀವು ಈಗ ನಡುವಯಸ್ಸಿನವರಾದರೆ ಅದು ಹೆಚ್ಚುಕಡಿಮೆ 1910ರಿಂದ 1930ರ ನಡುವೆ ಬರುತ್ತದೆ. ಸೀರೆ ಅವರ ಅಜ್ಜಿಯಿಂದ ಬಂದದ್ದು ಅನ್ನುವುದಾದರೆ ಬಟ್ಟೆ ಸಾಕ್ಷಿ ಹೇಳಬೇಕು. ಮೊದಲ ಕೃತಕ ಬಣ್ಣ ಹುಟ್ಟಿದ್ದು 1856ರಲ್ಲಿ. ಮಂಜಿಷ್ಠದಂಥ ಬೇರುಗಳಿಂದ ತೆಗೆಯುತ್ತಿದ್ದ ಕೆಂಪನ್ನು ಲ್ಯಾಬಿನಲ್ಲಿ ಮಾಡಿದ್ದು 1868ರಲ್ಲಿ. ಕೃತಕ ಇಂಡಿಗೊ ನೀಲಿ ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಕಣ್ಣು ಕುಕ್ಕುವ ನೇರಳೆ, ರಾಣಿ ಬಣ್ಣ ಇದ್ದರೆ ಕೃತಕದ ಕಡೆಗೇ ಬೆರಳು ತೋರಿಸುತ್ತದೆ. ನೂಲು ಒಂದೇ ಸಮ ಇದ್ದರೆ ಮಿಲ್ಲಿನದು. ಗೋಕಾಕ ಜಲಪಾತದ ನೀರಿನ ಬಲದಲ್ಲಿ ಅಲ್ಲಿನ ಮಿಲ್ಲು ಶುರುವಾದದ್ದು 1880ರ ದಶಕದಲ್ಲಿ. ಕೈಮಗ್ಗದ ಸೀರೆಯಲ್ಲಿ ಮಿಲ್ಲಿನ ನೂಲು ಕಂಡರೆ ಗಾಬರಿ ಬೇಡ, ಅದು ಆಗಲೇ ಮಾಮೂಲಿ ಆಗಿತ್ತು.

ಸೆರಗು ರೇಷ್ಮೆಯದೋ ಚಮಕದ್ದೋ ಅನ್ನುವುದು ಮುಖ್ಯ. ಚಮಕ ಅಂದರೆ ಕೃತಕ ರೇಷ್ಮೆ, ರೇಯಾನ್. 1920–30ರ ದಶಕಗಳಲ್ಲಿ ಅದು ಹೊರದೇಶದಿಂದ ನಮ್ಮ ಮಗ್ಗಗಳಿಗೆ ದಂಡಿಯಾಗಿ ಬರತೊಡಗಿತು. ತಾನಾಗಿ ಉದುರಿದ ಒಂದು ಎಳೆ ಬೆಡ್‌ಶೀಟಿನ ಮೇಲೆ ಸಿಕ್ಕರೆ ಚಿಮಟಿಗೆಯಲ್ಲಿ ಹಿಡಿದು ದೂರದಲ್ಲಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್. ಪರೀಕ್ಷೆಗೆ ಅಂತ ಎಳೆ ಕೀಳಬೇಡಿ.

ಜರಿ ಸೀರೆ ಕಪ್ಪಾಗಿದೆ ಅಂದಿರಿ. ಅದು ಒಳ್ಳೆಯ ಸುದ್ದಿ. ಕಪ್ಪಾಗುವುದು ಬೆಳ್ಳಿ. ಹಳೆ ಜರಿ ಅಂದರೆ ರೇಷ್ಮೆ ಎಳೆಯ ಸುತ್ತ ಸುತ್ತಿದ ತೆಳ್ಳನೆಯ ಬೆಳ್ಳಿ ತಂತಿ, ಮೇಲೆ ಚಿನ್ನದ ಲೇಪ. ಬಿಚ್ಚಿಕೊಂಡ ಜಾಗದಲ್ಲಿ ಒಳಗಿನ ಎಳೆ ಕೆಂಪೋ ಹಳದಿಯೋ ಕಾಣಬೇಕು. ತಾಮ್ರದ ಜರಿ ಕೆಂಪಾಗಿ ಆಮೇಲೆ ಹಸಿರು ಕಿಲುಬು ಬಿಡುತ್ತದೆ. ಪ್ಲಾಸ್ಟಿಕ್ಕಿನದು ಯಾವ ಕಾಲಕ್ಕೂ ಅದೇ ಹೊಳಪು. ನಿಂಬೆಹಣ್ಣು, ಹುಣಸೆಹಣ್ಣು, ಟೂತ್‌ಪೇಸ್ಟು ಯಾವುದನ್ನೂ ಹಚ್ಚಬೇಡಿ. ಚಿನ್ನ ಇರುವುದೇ ಉಸಿರಿನಷ್ಟು ತೆಳು. ಹಾಗೆಯೇ "ಹಳೆ ಜರಿ ಸೀರೆ ಕೊಳ್ಳುತ್ತೇವೆ" ಅಂತ ಬರುವವರಿಗೆ ತೋರಿಸಲೂಬೇಡಿ. ಅವರಿಗೆ ಬೇಕಾದದ್ದು ಬೆಳ್ಳಿ. ಸೀರೆ ಬೆಂಕಿಗೆ ಹೋಗುತ್ತದೆ.

ನಿಮ್ಮ ಟ್ರಂಕಿನಲ್ಲಿ ಏನಿಲ್ಲ ಅನ್ನುವುದನ್ನೂ ಗಮನಿಸಿ. ಮುತ್ತಜ್ಜಿ ದಿನಾ ಉಟ್ಟು ಅಡಿಗೆ ಮಾಡಿದ, ಹೊಲಕ್ಕೆ ಹೋದ ಸೀರೆ ಅದರಲ್ಲಿಲ್ಲ, ಅಲ್ವಾ? ಅದು ಕೌದಿ ಆಗಿ, ಆಮೇಲೆ ಒರೆಸುವ ಬಟ್ಟೆ ಆಗಿ ಮುಗಿದಿದೆ. ಜಗತ್ತಿನ ಎಲ್ಲ ವಸ್ತ್ರ ಸಂಗ್ರಹಗಳಲ್ಲೂ ಇದೇ ಕಥೆ. ಮದುವೆಯದು ಉಳಿಯುತ್ತದೆ, ಅರಮನೆಯದು ಉಳಿಯುತ್ತದೆ. ಟಿಪ್ಪುವಿನ ಡೇರೆ ಈಗಲೂ ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಹದಿನೆಂಟನೇ ಶತಮಾನದ ಹೂಬಳ್ಳಿಯ ಹತ್ತಿ ಬಟ್ಟೆ. ಅಲ್ಲಿನವರು ಅದನ್ನು ತೋಟದ ಪಾರ್ಟಿಗೆ ಕಟ್ಟುತ್ತಿದ್ದರಂತೆ! ಅವನ ಸಿಪಾಯಿ ಉಟ್ಟ ಬಟ್ಟೆ ಹುಡುಕಲು ಹೋದರೆ ಸುಸ್ತಾಗುತ್ತೀರಿ. ಹಾಗಾಗಿ ಮನೆಯಲ್ಲಿ ಹಳೇ ಕೌದಿ ಇದ್ದರೆ ಎಸೆಯಬೇಡಿ. ಮೇಲಿನ ತುಂಡು ಹರಿದಲ್ಲಿ ಒಳಗಿನ ಪದರ ಇಣುಕಿ ನೋಡಿ. ದಿನಬಳಕೆಯ ಸೀರೆಗಳ ಸಂಗ್ರಹ ಅಲ್ಲಿದೆ. ನನ್ನ ಮಟ್ಟಿಗೆ ಆ ಕೌದಿ ಜರಿ ಸೀರೆಗಿಂತ ಹೆಚ್ಚು.

ನೆಂಟರು "ನಂಗೂ ಒಂದು ತುಂಡು" ಅಂತ ಕೇಳುತ್ತಾರೆ. ಕತ್ತರಿಸಬೇಡಿ. 1866ರಲ್ಲಿ ಬ್ರಿಟಿಷ್ ಸರ್ಕಾರಕ್ಕಾಗಿ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳ 700 ಮಾದರಿಗಳನ್ನು 18 ಸಂಪುಟಗಳಲ್ಲಿ ಅಂಟಿಸಿದ, ಅಂಥ 20 ಸೆಟ್ ಮಾಡಿದ. ಮ್ಯಾಂಚೆಸ್ಟರಿನವರು ಇಲ್ಲಿನ ರುಚಿ ತಿಳಿದು ಅದೇ ಥರದ ಬಟ್ಟೆ ಮಾಡಿ ಮಾರಲಿ ಅಂತ. ಮಾಹಿತಿಯೇನೋ ಉಳಿಯಿತು. ಆದರೆ ಅದಕ್ಕಾಗಿ ಇಡೀ ಸೀರೆ, ಧೋತರಗಳು ಚೂರುಚೂರಾದವು. ಚೂರಿನಲ್ಲಿ ಕೊಂಡಿ ಎಲ್ಲಿ, ಸವೆತ ಎಲ್ಲಿ?

ಇಡುವುದು ಹೇಗೆ ಅಂದರೆ, ಮಡಿಸುವುದಕ್ಕಿಂತ ಸುತ್ತುವುದು ಮೇಲು. ರೇಷ್ಮೆ, ಜರಿ ಹರಿಯುವುದು ಮಡಿಕೆಯಲ್ಲೇ. ದಪ್ಪ ರಟ್ಟಿನ ಕೊಳವೆಗೆ ಗಂಜಿ ಹೋಗುವ ಹಾಗೆ ಒಗೆದ ಬಿಳುಪು ಮಾಡದ ಕೋರಾ ಬಟ್ಟೆ ಎರಡು ಮೂರು ಸುತ್ತು ಸುತ್ತಿ, ಅದರ ಮೇಲೆ ಸೀರೆ ಸುತ್ತಿ, ಮತ್ತೆ ಕೋರಾ ಬಟ್ಟೆ ಹೊದಿಸಿ. ಸೆರಗು ಮತ್ತು ಕಸೂತಿ ಹೊರಮುಖ ಬರಲಿ. ಜಾಗ ಇಲ್ಲದಿದ್ದರೆ ಮಡಿಕೆಯ ಒಳಗೆ ಅದೇ ಬಟ್ಟೆಯ ಸುರುಳಿ ಇಟ್ಟು, ವರ್ಷಕ್ಕೊಮ್ಮೆ ಮಡಿಕೆಯ ಜಾಗ ಬದಲಿಸಿ. ಪ್ಲಾಸ್ಟಿಕ್ ಕವರು ಬೇಡ, ಒಳಗೆ ತೇವ ನಿಂತು ಬೂಷ್ಟು ಬರುತ್ತದೆ. ಟ್ರಂಕು ತುಕ್ಕು ಹಿಡಿದಿದ್ದರೆ ಅದನ್ನು ನೆನಪಿಗೆ ಇಟ್ಟುಕೊಳ್ಳಿ, ಬಟ್ಟೆಗೆ ಬೇರೆ ಜಾಗ ಮಾಡಿ. ಬೇವಿನ ಎಲೆ, ಬಜೆ ಬೇರು ಹಾಕುವುದಾದರೆ ಚೀಲದಲ್ಲಿ ಕಟ್ಟಿ ಹಾಕಿ, ಬಟ್ಟೆಗೆ ತಾಗಬಾರದು. ಕುಪ್ಪಸಕ್ಕೋ ಕುಂಚಿಗೆಗೋ ಹುಳ ಬಿದ್ದಿದ್ದರೆ ಗಾಳಿಯಾಡದ ಕವರಿನಲ್ಲಿ ಸೀಲ್ ಮಾಡಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಗೆ, ಎರಡು ವಾರ ಇಡಿ. ತೆಗೆದ ಮೇಲೆ ಒಂದು ಇಡೀ ದಿನ ಕವರ್ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ಪ್ಲಾಸ್ಟಿಕ್.

ಕೊಡುವ ವಿಚಾರ ನಿಮಗೆ ಬಿಟ್ಟದ್ದು. ಅವಸರ ಮಾತ್ರ ಬೇಡ. ಮೊದಲು ನಾಲ್ಕು ಕಡೆ ಹೋಗಿ ಅಂಥವನ್ನೇ ನೋಡಿ ಬನ್ನಿ. ಬೆಂಗಳೂರಿನಲ್ಲಿ ವಿಮೋರ್‌ನವರ ವಸ್ತ್ರ ಮ್ಯೂಸಿಯಂ ಇದೆ, ಕಸ್ತೂರ್ಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಇದೆ. ಅಹಮದಾಬಾದಿಗೆ ಹೋಗುವುದಿದ್ದರೆ 1949ರಲ್ಲಿ ಶುರುವಾದ ಕ್ಯಾಲಿಕೊ ಮ್ಯೂಸಿಯಂ ತಪ್ಪಿಸಬೇಡಿ. ಮುಂಚೆಯೇ ಬುಕ್ ಮಾಡಬೇಕು. ಲಂಡನ್ನಿನಲ್ಲಿ ಮಕ್ಕಳೋ ನೆಂಟರೋ ಇದ್ದರೆ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ಮ್ಯೂಸಿಯಂನ ಈಸ್ಟ್ ಸ್ಟೋರ್‌ಹೌಸ್ 2025ರಲ್ಲಿ ತೆರೆದಿದೆ. ಗೋದಾಮಿನ ವಸ್ತುವನ್ನು ಮೊದಲೇ ಕೇಳಿಕೊಂಡರೆ ಹೊರಗೆ ತೆಗೆದು ತೋರಿಸುತ್ತಾರೆ. ಸಂಗ್ರಹದವರ ಜೊತೆ ಮಾತಾಡುವಾಗ ಮೂರು ವಿಷಯ ಕಾಗದದ ಮೇಲೆ ಕೇಳಿ: ದಾನವೋ ಎರವಲೋ, ನಾವು ಬಂದು ನೋಡಬಹುದಾ, ಬೇಡವಾದರೆ ನಮಗೇ ವಾಪಸ್ಸು ಕೊಡುತ್ತೀರಾ. ಸೀರೆಯ ಜೊತೆ ಕಥೆಯನ್ನೂ ಕೊಡಿ. ಮುತ್ತಜ್ಜಿಯ ಹೆಸರು, ಊರು, ಮದುವೆಯ ಕಾಲ, ಯಾರು ಕಸೂತಿ ಹಾಕಿದರು, ಯಾವ ಸೀರೆ ಯಾವಾಗ ಉಡುತ್ತಿದ್ದರು. ನಿಮ್ಮ ಸೋದರಮಾವ ಹೇಳುವುದನ್ನೂ "ಮನೆಯವರ ಮಾತು" ಅಂತ ಹಾಗೇ ಬರೆದಿಡಿ, ತಿದ್ದಬೇಡಿ. ಹಳಬರು ಯಾರಾದರೂ ಇದ್ದರೆ ಈ ವಾರವೇ ಕೂರಿಸಿಕೊಂಡು ಕೇಳಿ.

ಮತ್ತೆ ಬರೆಯುವಾಗ ಪೂರ್ತಿ ಸೀರೆಯ ಫೋಟೋ ಬೇಡ. ಕೊಂಡಿಯ ಗೆರೆ, ಕಸೂತಿಯ ಹಿಂಬದಿ, ಕುಪ್ಪಸದ ಒಳಹೊಲಿಗೆ, ಜರಿ ಬಿಚ್ಚಿಕೊಂಡ ಜಾಗ ಇವಿಷ್ಟನ್ನು ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದು ಕಳಿಸಿ. ಚಂದ್ರಕಾಳಿ ಹೌದೋ ಅಲ್ಲವೋ ಅನ್ನುವುದಕ್ಕೆ ಮಡಿಕೆಯ ಅಂಚಿನದೂ ಒಂದು ಇರಲಿ.